ಮಿಥುನದ ಕಾಲಬಳಿಯ ಮಬ್ಬು

ಮಾನ್ವಿಯಲ್ಲಿ ಅಕ್ಕಿ ಗಿರಣಿ ನಡೆಸುವವರು ಬಹಳ ಜನ. ಗಿರಣಿಯ ಗೋದಾಮಿನ ಮಾಳಿಗೆ ಮೇಲೆ ದುರ್ಬೀನು ಇಟ್ಟವನು ಕೊಟ್ರೇಶ ಒಬ್ಬನೇ. ಲಾಕ್‌ಡೌನ್ ಕಾಲದಲ್ಲಿ ಕೆಲವು ವಾರ ಗಿರಣಿ ನಿಂತು, ಹೊಟ್ಟಿನ ಧೂಳು ಕೂತು, ಆಕಾಶ ತೊಳೆದಿಟ್ಟ ಹಾಗೆ ಕಂಡಾಗ ಹತ್ತಿದ ಗೀಳು ಅದು. ಗಿರಣಿ ಮತ್ತೆ ಶುರುವಾಯಿತು, ಧೂಳೂ ಎದ್ದಿತು, ಗೀಳು ಮಾತ್ರ ಇಳಿಯಲಿಲ್ಲ. ಎಂಟು ಇಂಚು ಅಗಲದ ಕನ್ನಡಿ ಇರುವ ದುರ್ಬೀನನ್ನು ಪುಣೆಯಿಂದ ತರಿಸಿದ. ಅದನ್ನು ಕೂರಿಸುವ ಕಟ್ಟಿಗೆಯ ಪೀಠ ದಾರಿಯಲ್ಲೇ ಮುರಿದು ಬಂದಿತ್ತು. ಗಿರಣಿಯ ಫಿಟರ್ ಅಬ್ದುಲ್ ವಹೀದ್ ಅದನ್ನು ಅತ್ತ ಸರಿಸಿ ಕಬ್ಬಿಣದಲ್ಲಿ ಹೊಸ ಪೀಠ ಮಾಡಿಕೊಟ್ಟ. ಎತ್ತಲು ಇಬ್ಬರು ಬೇಕು, ಆದರೆ ಗಾಳಿಗೆ ಅಲ್ಲಾಡುವುದಿಲ್ಲ.

ಐವತ್ತು ದಾಟಿದ ಕೊಟ್ರೇಶನಿಗೆ ಇದರಲ್ಲಿ ಜೊತೆ ಸಿಕ್ಕಿದ್ದು ರಾಯಚೂರಿನಲ್ಲಿ. ಅಲ್ಲಿಯ ಒಂದು ಡಿಗ್ರಿ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ವಿಶಾಖಾ ನಕ್ಷತ್ರ ನೋಡುವವರ ಒಂದು ಬಳಗ ಕಟ್ಟಿದ್ದಳು. ಮೇಷ್ಟ್ರುಗಳು, ಒಬ್ಬ ಔಷಧ ಅಂಗಡಿಯವರು, ಶಕ್ತಿನಗರದ ಇಬ್ಬರು ಎಂಜಿನಿಯರುಗಳು, ಹೀಗೆ ಹತ್ತು ಹದಿನೈದು ಜನ. ತಿಂಗಳಿಗೊಮ್ಮೆ ಭಾನುವಾರ ಮಧ್ಯಾಹ್ನ ಕಾಲೇಜಿನ ಒಂದು ಕೋಣೆಯಲ್ಲಿ ಸೇರುತ್ತಿದ್ದರು. ಕೊಟ್ರೇಶ ಮೊದಲ ಸಲ ಹೋದ ದಿನ ಮಾನ್ವಿಯವನು ಎಂದು ತಿಳಿದ ಕೂಡಲೇ ವಿಶಾಖಾ, "ನಮ್ಮಪ್ಪ ನಿಮ್ಮ ಮಿಲ್ಲಿನಾಗೇ ಹಮಾಲಿ ಮಾಡ್ಯಾರ್ರಿ ಸರ್. ಹೊಳಿ ದಂಡಿ ಗೂಗಲ್ ಅನ್ನೋ ಊರಿಂದ ಹಂಗಾಮಿಗೆ ಬರ್ತಿದ್ರು" ಎಂದು ನಕ್ಕು ಹೇಳಿದ್ದಳು. ಇಬ್ಬರೂ ಕ್ಯಾಂಟೀನಿನಲ್ಲಿ ಮಂಡಾಳ ಒಗ್ಗರಣಿ ತಿಂದು, ಮಿಲ್ಲಿನ ಹಳೆಯ ಕಾಲದ ಮಾತಾಡಿದ್ದರು.

ಬಳಗ ಹಿಡಿದಿದ್ದ ಕೆಲಸ ಕೇಳಲು ಸರಳ. ನೂರೈವತ್ತು ವರ್ಷದ ಹಿಂದೆ ಯುರೋಪಿನ ವೀಕ್ಷಕರು ದುರ್ಬೀನಿನಲ್ಲಿ ಮಬ್ಬಾಗಿ ಕಂಡದ್ದನ್ನೆಲ್ಲ ನೀಹಾರಿಕೆ ಎಂದು ಬರೆದು, ಒಂದೊಂದಕ್ಕೂ ಸಂಖ್ಯೆ ಕೊಟ್ಟು ದೊಡ್ಡ ಪಟ್ಟಿ ಮಾಡಿದ್ದರು. ಬಹುಪಾಲು ಸರಿಯೇ. ಆದರೆ ಕೆಲವು ಸಂಖ್ಯೆಗಳ ಜಾಗಕ್ಕೆ ಹೋಗಿ ನೋಡಿದರೆ ಅಲ್ಲಿ ಅನಿಲವೂ ಇಲ್ಲ, ಧೂಳೂ ಇಲ್ಲ. ಮೂರೋ ನಾಲ್ಕೋ ಸಣ್ಣ ನಕ್ಷತ್ರಗಳು ಒತ್ತಟ್ಟಿಗೆ ನಿಂತಿರುತ್ತವೆ. ಇನ್ನು ಕೆಲವು ಕಡೆ ಅದೂ ಇರುವುದಿಲ್ಲ, ಬಟ್ಟಬಯಲು. ಆ ಹಳೆಯ ವೀಕ್ಷಕ ನಿಜಕ್ಕೂ ನೋಡಿದ್ದೇನು, ನೋಡಿದ್ದು ಎಲ್ಲಿ ಎಂದು ಪತ್ತೆ ಹಚ್ಚುವವರು ಜಗತ್ತಿನ ನಾನಾ ಕಡೆ ಇದ್ದಾರೆ. ವಿಶಾಖಾ ಅಂಥವರ ಒಂದು ಗುಂಪಿನಿಂದ ಕೆಲವು ಸಂಖ್ಯೆಗಳನ್ನು ವಹಿಸಿಕೊಂಡು ಬಂದಿದ್ದಳು. ಕಂಪ್ಯೂಟರಿನಲ್ಲಿ ಆಕಾಶದ ಫೋಟೋ ನೋಡುವುದು ಅವಳ ಪಾಲು, ದುರ್ಬೀನು ಇದ್ದವರು ಕಣ್ಣಿನಿಂದ ನೋಡಿ ಹೇಳಬೇಕು.

ಕೊಟ್ರೇಶನ ಪಾಲಿಗೆ ಬಂದದ್ದು ಮಿಥುನ ರಾಶಿಯ ಕಾಲಬಳಿಯ ಒಂದು ಸಂಖ್ಯೆ. ಪಟ್ಟಿಯಲ್ಲಿ ಜಾಗದ ಎದುರು ಹಳೆಯ ವೀಕ್ಷಕನ ಮಾತು ಇಷ್ಟೇ ಇತ್ತು: ಕಿತ್ತಳೆ ಬಣ್ಣದ ಒಂದು ನಕ್ಷತ್ರ ದಾಟಿಹೋದ ಮೇಲೆ ಅರ್ಧ ನಿಮಿಷಕ್ಕೆ, ಸ್ವಲ್ಪ ದಕ್ಷಿಣಕ್ಕೆ, ಸಣ್ಣದೊಂದು ಬಹಳ ಮಸುಕಾದ ನೀಹಾರಿಕೆ. ಆಮೇಲೆ ಬಂದವರು ಯಾರಿಗೂ ಅದು ಸಿಕ್ಕಿರಲಿಲ್ಲ.

ಜನವರಿಯ ಒಂದು ಸಂಜೆ ಕೊಟ್ರೇಶನಿಗೆ ಸಿಕ್ಕಿತು. ಕನ್ನಡಿಯ ಮೇಲೆ ಉಸಿರು ಬಿಟ್ಟಷ್ಟು ಮಬ್ಬು. ನೇರ ನೋಡಿದರೆ ಕಾಣದು, ಕಣ್ಣಂಚಿನಿಂದ ನೋಡಿದರೆ ಉಂಟು. ಮರುದಿನ ನೋಡಿದ, ಉಂಟು. ನಾಲ್ಕನೆಯ ಸಲವೂ ಕಂಡಾಗ ಅವನಿಗೆ ಖಾತ್ರಿಯಾಯಿತು. ಅಪ್ಪನಿಂದ ಬಂದ ಗಿರಣಿ, ಅಪ್ಪನಿಂದ ಬಂದ ಹೆಸರು. ತಾನೇ ಹುಡುಕಿ ತೆಗೆದದ್ದು ಅಂತ ಅವನಿಗೆ ಇದ್ದದ್ದು ಇದೊಂದೇ. ಆ ಖುಷಿಯಲ್ಲಿ ವಿಶಾಖಾಗೆ ಹೇಳುವ ಮೊದಲೇ ಊರಿನ ಪತ್ರಿಕೆಯವನಿಗೆ ಹೇಳಿಬಿಟ್ಟ. "ಕಳೆದುಹೋದ ನೀಹಾರಿಕೆ ಪತ್ತೆ: ಮಾನ್ವಿ ಉದ್ಯಮಿಯ ಸಾಧನೆ" ಎಂದು ಫೋಟೋ ಸಮೇತ ಬಂತು. ಗಿರಣಿ ಮಾಲೀಕರ ಸಂಘದವರು ಶಾಲು ಹೊದಿಸಿದರು. ನೀಹಾರಿಕೆ ಅಂದರೆ ಏನು ಎಂದು ಅವರಲ್ಲಿ ಯಾರೂ ಕೇಳಲಿಲ್ಲ.

ಆ ತಿಂಗಳ ಭಾನುವಾರ ವಿಶಾಖಾ ಗೋಡೆಯ ಮೇಲೆ ಒಂದು ಫೋಟೋ ಹಾಕಿದಳು. ಪಟ್ಟಿಯಲ್ಲಿ ಹೇಳಿದ ಜಾಗ ನಟ್ಟನಡುವೆ ಇತ್ತು. ಅಲ್ಲಿ ಕಪ್ಪು ಬಿಟ್ಟರೆ ಬೇರೇನೂ ಇರಲಿಲ್ಲ.

"ದೊಡ್ಡ ದುರ್ಬೀನದಾಗ ತೆಗೆದ ಫೋಟೋ ಇದು. ಈ ಜಾಗದಾಗ ಏನೂ ಇಲ್ರಿ ಸರ್" ಎಂದಳು.

"ಸಾವ್ಕಾರ್ರು ಹೊಟ್ಟಿನ ಧೂಳ ನೋಡಿರಬೇಕು ಬಿಡ್ರಿ" ಎಂದು ಹಿಂದಿನ ಸಾಲಿನಿಂದ ಯಾರೋ ಅಂದರು. ನಾಲ್ಕಾರು ಜನ ನಕ್ಕರು. ವಿಶಾಖಾ ನಗಲಿಲ್ಲ, ಆದರೆ ಕೊಟ್ರೇಶ ಅದನ್ನು ಗಮನಿಸುವ ಸ್ಥಿತಿಯಲ್ಲಿರಲಿಲ್ಲ. ಎದ್ದು ನಿಂತ.

"ಮೇಡಂ, ನೀವು ರೂಮಿನ್ಯಾಗ ಕುಂತು ಫೋಟೋ ನೋಡ್ತೀರಿ. ನಾ ನನ್ನ ಕಣ್ಣಿಲೆ ನೋಡೀನಿ."

"ನೋಡಿರಬಹುದ್ರಿ. ಆದ್ರ ಇಲ್ಲಿ ಇಲ್ಲ."

"ಅಂದ್ರ ನನ್ನ ಮಾತಿಗೆ ಕಿಮ್ಮತ್ತಿಲ್ಲೇನು? ನಿಮ್ಮಪ್ಪ ನಮ್ಮ ಮಿಲ್ಲಿನಾಗ ಚೀಲ ಹೊತ್ತಾನ. ನಮ್ಮ ಮಾತು ಎಂಥಾದ್ದು, ಹೋಗಿ ಅವನ್ನ ಕೇಳ್ರಿ."

ವಿಶಾಖಾ ಕೈಯಲ್ಲಿದ್ದ ರಿಮೋಟನ್ನು ಮೇಜಿನ ಮೇಲಿಟ್ಟಳು.

"ಹೊತ್ತಾರ್ರಿ. ಹತ್ತು ಹಂಗಾಮು ಹೊತ್ತಾರ. ಅದಕ್ಕೂ ಈ ಫೋಟೋಕೂ ಏನು ಸಂಬಂಧ?" ಎಂದು ಕೇಳಿದಳು. ರಿಮೋಟು ಎತ್ತಿಕೊಂಡು ಮುಂದಿನ ಫೋಟೋಕ್ಕೆ ಹೋದಳು. ದನಿ ಏರಲಿಲ್ಲ, ಆದರೆ ಆ ಮುಂದಿನ ಸಂಖ್ಯೆಯನ್ನು ಎರಡು ಸಲ ತಪ್ಪು ಓದಿದಳು.

ಕೊಟ್ರೇಶ ಮೀಟಿಂಗು ಮುಗಿಯುವ ಮೊದಲೇ ಹೊರಟುಬಂದ. ಮನೆಯಲ್ಲಿ ಹೆಂಡತಿ ವಿಜಯಶ್ರೀ ಬಿಡಿಸಿ ಬಿಡಿಸಿ ಕೇಳಿದ ಮೇಲೆ ನಡೆದದ್ದೆಲ್ಲ ಹೇಳಿದ. ಧೂಳಿನ ಮಾತು ಅಂದವನನ್ನು ಬೈದ, ಫೋಟೋವನ್ನು ಬೈದ. ವಿಜಯಶ್ರೀ ಕೊನೆತನಕ ಕೇಳಿಸಿಕೊಂಡಳು.

"ಆ ಹುಡುಗಿ ತಾನಾಗೇ ನಿಮಗ ಅಪ್ಪನ ಸುದ್ದಿ ಹೇಳಿದ್ಲಲ್ಲ, ನಿಮ್ಮವರು ಅಂತ ತಿಳಕೊಂಡು. ಅದನ್ನ ಎತ್ತಿ ಆಕಿಗೇ ಹೊಡದು ಬಂದ್ರಿ" ಎಂದಳು. ಮುಂದೆ ಆ ವಿಷಯ ಅವಳು ಎತ್ತಲಿಲ್ಲ. ಎತ್ತಿದ್ದರೆ ಜಗಳವಾಡಬಹುದಿತ್ತು, ಎತ್ತದ್ದರಿಂದ ಮಾತು ಕೊಟ್ರೇಶನ ಹೊಟ್ಟೆಯಲ್ಲೇ ಉಳಿಯಿತು. ಒಂದು ವಾರ ಮಾಳಿಗೆ ಹತ್ತಲಿಲ್ಲ. ಎರಡು ಸಲ ವಿಶಾಖಾಗೆ ಫೋನ್ ಮಾಡಬೇಕೆಂದು ನಂಬರು ತೆಗೆದ, ಎರಡು ಸಲವೂ ಗುಮಾಸ್ತ ಯಾವುದೋ ಕೆಲಸಕ್ಕೆ ಬಂದದ್ದೇ ನೆಪವಾಗಿ ಬಿಟ್ಟ.

ಕೊನೆಗೆ ಫೋನ್ ಮಾಡಿದವಳು ಅವಳೇ.

"ಸರ್, ನೀವು ಸುಳ್ಳು ಹೇಳೋರಲ್ಲ. ಏನೋ ನೋಡೀರಿ. ಎಲ್ಲಿ ನೋಡಿದ್ರಿ ಅನ್ನೋದು ನನಗ ಬೇಕಾಗ್ಯದ. ನಿಮ್ಮ ಮಾಳಿಗಿ ಮ್ಯಾಲ ಬಾಯ್ಲರಿನ ಶಾಖ, ಲೈಟು, ಎಲ್ಲಾ ಅದ. ದುರ್ಬೀನ ತಗೊಂಡು ಗೂಗಲ್‌ಗೆ ಬರ್ತೀರೇನು? ಅಮಾಸಿ ಮುಂದ ನಾನೂ ಊರಿಗೆ ಹೋಗ್ತೀನಿ."

ಗೂಗಲ್ ಅಂದರೆ ಅವಳ ಅಪ್ಪನ ಮನೆ. ಆದರೂ ಕೊಟ್ರೇಶ, "ಬರ್ತೀನ್ರಿ" ಎಂದ.

ಹೇಳಿದ ದಿನ ಮಧ್ಯಾಹ್ನ ವಹೀದ್ ಮತ್ತು ಕೊಟ್ರೇಶ ಸೇರಿ ಕಬ್ಬಿಣದ ಪೀಠವನ್ನು ಬೊಲೆರೊದ ಹಿಂದೆ ಹೇರಿದರು. ಸಿರವಾರ ದಾಟಿ ದೇವದುರ್ಗಕ್ಕೆ ಬಂದು, ಅಲ್ಲಿ ಬಸ್ ಸ್ಟ್ಯಾಂಡ್ ಎದುರು ಬಾಳೆಹಣ್ಣು ಕಟ್ಟಿಸಿಕೊಂಡು ಕೊಟ್ರೇಶ ಒಬ್ಬನೇ ಗೂಗಲ್ ಮುಟ್ಟುವ ಹೊತ್ತಿಗೆ ಬಿಸಿಲು ಇಳಿದಿತ್ತು. ಮನೆ ಊರಂಚಿನಲ್ಲಿ, ಹೊಳೆಯ ಕಡೆಗೆ. ಎರಡು ಕೋಣೆ, ಮುಂದೆ ತಗಡಿನ ಪಡಸಾಲೆ, ಗೋಡೆಗೆ ಬುದ್ಧನ ಪಟ. ವಿಶಾಖಾ ಹಿಂದಿನ ಹೊಲದಲ್ಲಿ ದುರ್ಬೀನು ಇಡಲು ನೆಲ ಸಮ ಮಾಡಿಸುತ್ತಿದ್ದಾಳೆ ಎಂದರು ಅವಳ ತಾಯಿ ಗೋಪಮ್ಮ. ನೀರು ಕೊಟ್ಟು ಚಹಾಕ್ಕೆ ಒಳಗೆ ಹೋದರು. ಪಡಸಾಲೆಯಲ್ಲಿ ಉಳಿದವರು ಕೊಟ್ರೇಶ ಮತ್ತು ವಿಶಾಖಾಳ ತಂದೆ ರಾಮಲಿಂಗಪ್ಪ.

ಎಪ್ಪತ್ತು ದಾಟಿದ್ದರೂ ಅವರ ಹೆಗಲು ಇನ್ನೂ ಅಗಲವಾಗಿತ್ತು. "ಕುಂದರ್ರಿ ಸಾವ್ಕಾರ್ರ. ಹಾದಿ ಭಾಳ ಕೆಟ್ಟೈತಿ ಅಲ್ರಿ?" ಎಂದು ಕುರ್ಚಿ ಸರಿಸಿದರು.

ಕೊಟ್ರೇಶ ಕುಳಿತ. ನೀರು ಕುಡಿದು ತಂಬಿಗೆ ಕೆಳಗಿಟ್ಟ. "ರಾಯಚೂರ ಮೀಟಿಂಗಿನ್ಯಾಗ ನಡೆದದ್ದು ಮೇಡಂ ನಿಮಗ ಏನರ ಹೇಳ್ಯಾರೇನ್ರಿ?" ಎಂದು ಕೇಳಿದ.

"ಇಲ್ಲಲ್ಲ. ದುರ್ಬೀನ ತರ್ತಾರ, ಊಟಕ್ಕ ಇರ್ತಾರ ಅಂದ್ಲು. ಯಾಕ್ರಿ?"

ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವರಿಗೆ ಗೊತ್ತಿಲ್ಲ, ಅವಳು ಹೇಳುವವಳಲ್ಲ. ಆದರೆ ಅದನ್ನು ಮುಚ್ಚಿಟ್ಟು ಅವರ ಮನೆಯ ಚಹಾ ಕುಡಿಯುವುದು ಸರಿಯಲ್ಲ ಅನ್ನಿಸಿತು ಅವನಿಗೆ. ಮೀಟಿಂಗಿನಲ್ಲಿ ಅಂದದ್ದನ್ನು ಹೇಳಿದ. ರಾಮಲಿಂಗಪ್ಪ ಹೊಳೆಯ ಕಡೆ ನೋಡುತ್ತ ಕೇಳಿಸಿಕೊಂಡರು.

"ಹೊತ್ತದ್ದು ಖರೇನ ಐತ್ರಿ. ನಾನ ಎಲ್ಲಾರ ಮುಂದ ಹೇಳ್ತೀನಿ, ನನಗೇನು ನಾಚಿಕಿಲ್ಲ" ಎಂದರು. ಅವನ ಕಡೆ ತಿರುಗಿ ಕೇಳಿದರು: "ಆದ್ರ ನೀವು ಹೊತ್ತಾರ ಅಂದ್ರೋ, ಹೊತ್ತಾನ ಅಂದ್ರೋ?"

"ಹೊತ್ತಾನ ಅಂದೆ."

"ಹ್ಞೂಂ. ಅದು ತಪ್ಪಾತು ನೋಡ್ರಿ." ರಾಮಲಿಂಗಪ್ಪ ಅದನ್ನು ತಕ್ಕಡಿ ನೋಡಿ ತೂಕ ಹೇಳುವವರ ಹಾಗೆ ಹೇಳಿದರು. "ನಿಮ್ಮಪ್ಪನೋರೂ ಹಂಗ ಕರೀತಿದ್ರು. ಆಗ ಹೊಟ್ಟಿ ಸಲುವಾಗಿ ಸುಮ್ಮನಿದ್ದೆ. ಈಗ ನನ್ನ ಮಗಳ ಮುಂದ ಆ ಮಾತು ಬ್ಯಾಡ."

"ತಪ್ಪಾತ್ರಿ ನಂದು."

"ನನಗ ಇಲ್ಲಿ ಹೇಳಿದ್ರ ಏನಾತು? ಎಲ್ಲಿ ಅಂದೀರಿ, ಅಲ್ಲಿ ಹೇಳ್ರಿ."

ಗೋಪಮ್ಮ ಚಹಾ ತಂದರು. "ಕುಡೀರಿ, ಆರ್ತದ" ಎಂದು ರಾಮಲಿಂಗಪ್ಪ ತಮ್ಮ ಲೋಟ ಎತ್ತಿಕೊಂಡರು. ಆಮೇಲೆ ಪೀಠ ಇಳಿಸಲು ತಾವೇ ಒಂದು ಕಡೆ ಹಿಡಿಯಲು ಬಂದಾಗ ಕೊಟ್ರೇಶ ಬೇಡ ಬೇಡವೆಂದ. ಅವರು ಕೇಳಲಿಲ್ಲ. ಮೊಣಕಾಲು ಬಗ್ಗಿಸಿ ಎತ್ತುವ ಬಗೆ ಮರೆತಿರಲಿಲ್ಲ. ಏದುಸಿರು ಬಂದದ್ದು ಕೊಟ್ರೇಶನಿಗೆ.

ಕತ್ತಲಾದದ್ದೇ ಹೊಲದ ಮೇಲೆ ಆಕಾಶ ತುಂಬಿಕೊಂಡಿತು. ಮಾನ್ವಿಯಲ್ಲಿ ಎಂದೂ ಕಾಣದಷ್ಟು ನಕ್ಷತ್ರಗಳು. ಪೂರ್ವದಲ್ಲಿ ಮಿಥುನ ಅರ್ಧ ಏರಿತ್ತು. ವಿಶಾಖಾ ಬೆಳಕು ಕಣ್ಣು ಕುಕ್ಕದ ಹಾಗೆ ಕೆಂಪು ಕಾಗದ ಸುತ್ತಿದ ಬ್ಯಾಟರಿ, ನಕ್ಷತ್ರ ನಕ್ಷೆ ಹಿಡಿದು ಪಕ್ಕದ ಸ್ಟೂಲಿನ ಮೇಲೆ ಕೂತಳು.

"ನಾ ಏನೂ ಹೇಳಾಂಗಿಲ್ಲ ಸರ್. ಮಾನ್ವಿಯೊಳಗ ಹೆಂಗ ನೋಡಿದ್ರಿ, ಹಂಗ ನೋಡ್ರಿ. ಏನೇನು ಮಾಡ್ತೀರಿ ಬಾಯಿಲೆ ಹೇಳಿಕೋತ ಹೋಗ್ರಿ."

ಕೊಟ್ರೇಶ ಕಣ್ಣಿಟ್ಟ. "ಕಾಲಿನ ದೊಡ್ಡ ಚುಕ್ಕಿ ಹಿಡದೀನಿ. ಈಗ ಪೂರ್ವಕ್ಕ ಸರೀತೀನಿ. ಕಿತ್ತಳಿ ಬಣ್ಣದ್ದು ಬಂತು. ಬಾಜೂಕ ಒಂದು ಸಣ್ಣ ಚುಕ್ಕಿ ಅದ. ಇನ್ನ ಕೈ ಬಿಟ್ಟೆ."

ಕೈ ಬಿಟ್ಟರೆ ದುರ್ಬೀನು ನಿಂತಲ್ಲೇ ನಿಲ್ಲುತ್ತದೆ, ಭೂಮಿ ತಿರುಗಿದ ಹಾಗೆ ನಕ್ಷತ್ರಗಳು ತಾವೇ ಸರಿದು ಹೋಗುತ್ತವೆ. ಹಳೆಯ ವೀಕ್ಷಕನೂ ಹೀಗೆಯೇ ಕಾದಿದ್ದ. ಕಿತ್ತಳೆ ಚುಕ್ಕಿ ಅಂಚಿಗೆ ಹೋಯಿತು.

"ಬಂತು" ಎಂದ ಕೊಟ್ರೇಶ. "ನೋಡ್ರಿ ಬರ್ರಿ. ಇಲ್ಲೇ ಅದ."

ವಿಶಾಖಾ ಬಗ್ಗಿ ನೋಡಿದಳು. ಅದು ಸರಿದ ಹಾಗೆ ದುರ್ಬೀನನ್ನೂ ಸರಿಸಿ ಮತ್ತೆ ನೋಡಿದಳು. "ಅದ" ಎಂದಳು. "ಮಬ್ಬು ಖರೇನ ಅದ."

ಕೊಟ್ರೇಶನ ಎದೆಯ ಮೇಲಿನ ಭಾರ ಇಳಿಯಿತು. ಅದೇ ಹೊತ್ತಿಗೆ ವಿಶಾಖಾ ಚೀಲದಿಂದ ಒಂದು ಸಣ್ಣ ಐಪೀಸು ತೆಗೆದಳು. ಕಣ್ಣಿಡುವ ಆ ಗಾಜು ಬದಲಿಸಿದರೆ ನೋಟ ಇನ್ನೂ ದೊಡ್ಡದಾಗುತ್ತದೆ. ಮಾನ್ವಿಯಲ್ಲಿ ಬಾಯ್ಲರಿನ ಶಾಖಕ್ಕೆ ಚಿತ್ರ ಕುದಿಯುವ ನೀರಿನ ಹಾಗೆ ಅಲುಗುತ್ತಿದ್ದರಿಂದ ಕೊಟ್ರೇಶ ಅಂಥದ್ದನ್ನು ಎಂದೂ ಹಾಕಿರಲಿಲ್ಲ. ಅವಳು ಹಾಕಿ, ಸರಿಮಾಡಿ, ತಾನು ನೋಡಿ, ಅವನಿಗೆ ಜಾಗ ಬಿಟ್ಟಳು.

ಮಬ್ಬು ಇರಲಿಲ್ಲ. ಅದು ಇದ್ದಲ್ಲಿ ಸೂಜಿಮೊನೆಯಂಥ ನಾಲ್ಕು ನಕ್ಷತ್ರಗಳಿದ್ದವು. ಎರಡು ಅಂಟಿಕೊಂಡ ಹಾಗೆ, ಎರಡು ಸ್ವಲ್ಪ ದೂರ. ನಡುವೆ ಬರೀ ಕಪ್ಪು. ಕಣ್ಣೊರೆಸಿಕೊಂಡು ಮತ್ತೆ ನೋಡಿದ. ನಾಲ್ಕೇ.

"ನೀಹಾರಿಕಿ ಅಲ್ಲ" ಎಂದ.

"ಅಲ್ರಿ. ನಾಕು ಚುಕ್ಕಿ."

ಪತ್ರಿಕೆಯ ಫೋಟೋ, ಸಂಘದವರ ಶಾಲು ನೆನಪಾದವು ಅವನಿಗೆ. ಹೊಲದ ಬದುವಿನ ಮೇಲೆ ಕುಳಿತ. ರಾಮಲಿಂಗಪ್ಪ ಹಿಂದಿನಿಂದ ಬಂದು ಪಕ್ಕದಲ್ಲಿ ಕುಳಿತರು. ವಿಶಾಖಾ ಮಾತ್ರ ದುರ್ಬೀನು ಬಿಟ್ಟಿರಲಿಲ್ಲ. ಹಳೆಯ ಐಪೀಸು ಹಾಕಿ ಹಿಂದಕ್ಕೆ ಸರಿಸಿ ಕಿತ್ತಳೆ ಚುಕ್ಕಿ ನೋಡುವಳು, ನಕ್ಷೆ ನೋಡುವಳು, ಮತ್ತೆ ದುರ್ಬೀನು.

"ಸರ್, ಇಲ್ಲಿ ಬರ್ರಿ. ನೀವು ಹಿಡದದ್ದು ಈ ಚುಕ್ಕಿ ಅಲ್ಲ?"

"ಹೌದ್ರಿ. ಕಿತ್ತಳಿ, ಬಾಜೂಕ ಸಣ್ಣದು."

"ಪಟ್ಟಿಯೊಳಗಿನ ಜಾಗ ಲೆಕ್ಕ ಹಾಕಿದ್ದು ಈ ಚುಕ್ಕಿಯಿಂದ ಅಲ್ರಿ." ಅವಳು ದುರ್ಬೀನನ್ನು ನಿಧಾನ ಸರಿಸಿದಳು. ಎರಡು ಹುಣ್ಣಿಮೆ ಚಂದ್ರ ಅಕ್ಕಪಕ್ಕ ಇಟ್ಟಷ್ಟು ದೂರ ಹೋದ ಮೇಲೆ ಇನ್ನೊಂದು ಬಂತು. ಅದೂ ಕಿತ್ತಳೆ. ಅದರ ಬದಿಗೂ ಒಂದು ಸಣ್ಣ ಚುಕ್ಕಿ. "ಇದು ಅದು. ಕಾಲಿನ ಕಡಿಂದ ಬಂದ್ರ ಮೊದ್ಲು ಸಿಗೋದು ನಿಮ್ಮದು. ಅದಕ್ಕ ನೀವು ಅಲ್ಲೇ ನಿಂತ್ರಿ."

"ಅಂದ್ರ ನಾ ನೋಡಿದ್ದೂ ತಪ್ಪು ಚುಕ್ಕಿ."

"ತಪ್ಪು ಚುಕ್ಕಿ. ಆದ್ರ ಅಲ್ಲಿಂದ ಅರ್ಧ ನಿಮಿಷಕ್ಕ, ಸ್ವಲ್ಪ ದಕ್ಷಿಣಕ್ಕ, ನಿಮಗ ಮಬ್ಬು ಸಿಕ್ತು. ಆ ಹಳೇ ವೀಕ್ಷಕ ಬರದದ್ದೂ ಅಷ್ಟೇ ಅಲ್ರಿ? ಅರ್ಧ ನಿಮಿಷ, ಸ್ವಲ್ಪ ದಕ್ಷಿಣ." ಮಾತು ಈಗ ಅವಳ ಬಾಯಿಂದ ಅವಸರದಲ್ಲಿ ಬರುತ್ತಿತ್ತು. "ಸರಿಯಾದ ಚುಕ್ಕಿಯಿಂದ ಎಣಿಸಿದ್ರ ಬಯಲು. ಅದನ್ನ ನಾ ಫೋಟೋದಾಗ ನೋಡಿದೆ. ಈ ಚುಕ್ಕಿಯಿಂದ ಎಣಿಸಿದ್ರ ಕರೆಕ್ಟ್ ಬರ್ತದ. ಅವನೂ ಇದನ್ನೇ ಹಿಡಿದಾನ ಸರ್. ಎರಡು ಚುಕ್ಕಿ ಅದಲಿ ಬದಲಿ ಆಗಿ, ಪಟ್ಟಿಯೊಳಗ ಜಾಗ ತಪ್ಪಿ ಬಿದ್ದದ. ಅದಕ್ಕ ಇಷ್ಟು ವರ್ಷ ಯಾರಿಗೂ ಸಿಕ್ಕಿಲ್ಲ."

ಕೊಟ್ರೇಶನಿಗೆ ಪೂರ್ತಿ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. "ಅಂದ್ರ ಅವ ನೋಡಿದ್ದು ಈ ನಾಕು ಚುಕ್ಕಿ?"

"ಈ ನಾಕ. ನೀವು ತಪ್ಪಲಿಲ್ಲಂದ್ರ ಗೊತ್ತಾಗ್ತಿದ್ದಿಲ್ಲ. ನಾನು ಅದೊಂದು ಜಾಗ ಬಿಟ್ಟು ಆಚಿಗೆ ಈಚಿಗೆ ನೋಡೇ ಇರಲಿಲ್ಲ. ನೋಡಬೇಕಾಗಿತ್ತು."

ಕೊಟ್ರೇಶನಿಗೆ ಖುಷಿ ಇತ್ತು, ಆದರೆ ತಾನು ಬಯಸಿದ ಖುಷಿ ಅದಲ್ಲ. ಮಬ್ಬು ಹೋದದ್ದಕ್ಕೆ ಒಂದು ಬಗೆಯ ಬೇಸರವೂ ಇತ್ತು. ಮತ್ತೊಮ್ಮೆ ಸಣ್ಣ ಐಪೀಸು ಹಾಕಿಸಿಕೊಂಡು ಆ ನಾಲ್ಕನ್ನು ನೋಡಿದ. ಆಮೇಲೆ ರಾಮಲಿಂಗಪ್ಪನವರನ್ನು ಕರೆದು ಸ್ಟೂಲಿನ ಮೇಲೆ ಕೂರಿಸಿದ. ಅವರಿಗೆ ಎರಡೇ ಕಂಡವು. "ಎರಡು ಅದಾವ ಬಿಡ್ರಿ" ಎಂದು ಎದ್ದರು. ಗೋಪಮ್ಮ ರೊಟ್ಟಿ, ಪುಂಡಿಪಲ್ಯ ಬಡಿಸಿಟ್ಟು ಕರೆದರು.

ರಾಯಚೂರಿಗೆ ಮರಳಿದ ವಿಶಾಖಾ ಆ ಕಡೆಯ ಫೋಟೋ ಕಂಪ್ಯೂಟರಿನಲ್ಲಿ ತೆಗೆದು ನೋಡಿದಳು. ಕೊಟ್ರೇಶನೂ ಮಾನ್ವಿಯಿಂದ ಹೋಗಿ ಪಕ್ಕದಲ್ಲಿ ಕೂತಿದ್ದ. ನಾಲ್ಕು ನಕ್ಷತ್ರಗಳು ಎದ್ದು ಕಂಡವು, ಸುತ್ತ ಯಾವ ಮಬ್ಬೂ ಇರಲಿಲ್ಲ. ವರದಿ ಬರೆಯುವಾಗ ಹೆಸರಿನ ಜಾಗ ಬಂತು.

"ನಿಮ್ಮದು ಹಾಕ್ರಿ. ನಂದೇನದ, ತಪ್ಪು ಮಾಡಿದ್ದಷ್ಟೇ" ಎಂದ.

"ನೋಡಿದವರ ಹೆಸರು ಹಾಕಲೇಬೇಕ್ರಿ, ಅದು ಪದ್ಧತಿ" ಎಂದು ಅವಳು ಇಬ್ಬರದೂ ಹಾಕಿದಳು.

ಬಳಗ ಮತ್ತೆ ಸೇರಿದ ಭಾನುವಾರ ಎಲ್ಲರ ಎದುರು ವಿಶಾಖಾ ಎಲ್ಲವನ್ನೂ ವಿವರಿಸಲು ಎದ್ದಾಗ ಕೊಟ್ರೇಶ, "ಅದಕ್ಕಿಂತ ಮೊದ್ಲು ನಂದೊಂದು ಮಾತದ" ಎಂದು ನಿಂತ. "ಹೋದ ಸಲ ನಾ ಇಲ್ಲಿ ಮೇಡಂ ಅವರ ತಂದಿಯವರ ಬಗ್ಗೆ ಏಕವಚನದಾಗ ಮಾತಾಡಿದೆ. ಅವರ ಕೆಲಸಾ ಎತ್ತಿ ಮೇಡಂ ಅವರ ಬಾಯಿ ಮುಚ್ಚಿಸಾಕ ನೋಡಿದೆ. ರಾಮಲಿಂಗಪ್ಪನವರ ಮುಂದ ತಪ್ಪು ಒಪ್ಪಿಕೊಂಡೀನಿ. ನಿಮ್ಮೆಲ್ಲರ ಮುಂದನೂ ಒಪ್ಪಿಕೊಳ್ತೀನಿ." ಕೂತುಬಿಟ್ಟ. ಯಾರೂ ಚಪ್ಪಾಳೆ ತಟ್ಟಲಿಲ್ಲ, ಅದೇ ಒಳ್ಳೆಯದಾಯಿತು. ವಿಶಾಖಾ ಒಮ್ಮೆ ತಲೆ ಆಡಿಸಿ, ಫೋಟೋ ಹಾಕಿದಳು. ಅಲ್ಲಿಂದ ಮುಂದೆ ಅವಳು ಅವನೊಂದಿಗೆ ಮೊದಲಿನಷ್ಟು ಸಲೀಸಾಗಿ ನಗಲು ಇನ್ನೂ ಕೆಲವು ತಿಂಗಳು ಹಿಡಿಯಿತು. ಕೊಟ್ರೇಶ ಅದನ್ನು ಅವಸರ ಮಾಡಲಿಲ್ಲ.

ಮಾರ್ಚ್ ಕೊನೆಗೆ ಹೊರದೇಶದ ಗುಂಪಿನಿಂದ ಉತ್ತರ ಬಂತು. ಅವರು ಮತ್ತೊಮ್ಮೆ ಲೆಕ್ಕ ಹಾಕಿ ನೋಡಿ ಒಪ್ಪಿದ್ದರು. ಆ ಸಂಖ್ಯೆಯ ಎದುರು "ಸಿಕ್ಕಿಲ್ಲ" ಎಂದಿದ್ದಲ್ಲಿ ಈಗ "ನಾಲ್ಕು ನಕ್ಷತ್ರಗಳು" ಎಂದಾಯಿತು.

ಕೊಟ್ರೇಶ ಪತ್ರಿಕೆಯವನ ಹತ್ತಿರ ಹೋಗಿ, ನೀಹಾರಿಕೆ ಅಂತ ಹಾಕಿದ್ದನ್ನು ತಿದ್ದಿ ಹಾಕಬೇಕೆಂದು ಕೇಳಿದ. "ಈಗ ಯಾಕ್ರಿ ಸಾವ್ಕಾರ್ರ, ಮಂದಿ ಮರತಾರ" ಎಂದ ಅವನು. ಮೂರು ಸಲ ಹೋದ ಮೇಲೆ ಒಳಪುಟದಲ್ಲಿ ನಾಲ್ಕು ಸಾಲು ಬಂತು. ಅದರಲ್ಲಿ ಎರಡು ಸಾಲು ಸರಿಯಿತ್ತು.

ಏಪ್ರಿಲ್ ಹೊತ್ತಿಗೆ ಮಿಥುನ ಪಡುವಣಕ್ಕೆ ಇಳಿದಿತ್ತು. ವಿಶಾಖಾ ಇನ್ನೊಂದು ಸಂಖ್ಯೆ ಕಳಿಸಿದ್ದಳು, ಈ ಸಲ ಸಿಂಹ ರಾಶಿಯಲ್ಲಿ. ಕೊಟ್ರೇಶ ಬೊಲೆರೊ ತೆಗೆದುಕೊಂಡು ಊರ ಹೊರಗಿನ ಕಾಲುವೆ ದಂಡೆಗೆ ಹೋಗಿ ನಾಲ್ಕು ಸಂಜೆ ನೋಡಿದ. ಎರಡು ಸಲ ವಿಜಯಶ್ರೀ ಜೊತೆಗೆ ಬಂದು ನಕ್ಷೆ ಹಿಡಿದಳು. ಯಾವ ಚುಕ್ಕಿ ಹಿಡಿದಿರಿ, ಅದರ ಆಚೆ ಈಚೆ ಇನ್ನೊಂದು ಅಂಥದ್ದೇ ಇಲ್ಲವೇ ಎಂದು ಪ್ರತಿ ಸಲ ಕೇಳುವುದು ಅವಳ ಕೆಲಸ.

"ಏನರ ಕಂಡಿತೇನ್ರಿ?" ಎಂದು ಕೊನೆಯ ದಿನ ಕೇಳಿದಳು.

"ಏನೂ ಇಲ್ಲ" ಎಂದ ಕೊಟ್ರೇಶ. ವಿಶಾಖಾಗೆ ಅದನ್ನೇ ಮೆಸೇಜು ಹಾಕಿ, ಐಪೀಸಿನ ಮುಚ್ಚಳ ಹುಡುಕತೊಡಗಿದ.